ಚಕ್ರವಾರು ಪಾಲು ರದ್ದತಿ ಹಾಗೂ ವ್ಯಾನಿನ ಕುಲುಕಾಟ ನಿವಾರಣೆ

ಕುಟುಂಬ ವಾಹನ ಸಮಿತಿ
ಕಾರ್ಯಾಲಯ: ವ್ಯಾನಿನ ಶೆಡ್ಡಿನ ಪಕ್ಕದ ಕಲ್ಲುಬೆಂಚು
(ಬಿಸಿಲಿದ್ದಲ್ಲಿ: ಅಮ್ಮನ ಅಡುಗೆಮನೆ)

ಸಂಖ್ಯೆ: ಕುವಾಸ/ಕುಲುಕು/ಹೊಸದು/೧
ದಿನಾಂಕ: ಬುಧವಾರ, ಸಂಜೆ

ಸುತ್ತೋಲೆ

ವಿಷಯ: ಅಪ್ಪನ ಕಾಲದ ವ್ಯಾನಿನ ನಾಲ್ಕು ಚಕ್ರಗಳನ್ನು ನಾಲ್ವರು ಮಕ್ಕಳಿಗೆ ಹಂಚಿದ್ದ ವ್ಯವಸ್ಥೆಯನ್ನು ರದ್ದುಪಡಿಸಿ, ಸದರಿ ವಾಹನದಲ್ಲಿ ಮನುಷ್ಯರು ಕೂರುವಂತೆ ಮಾಡುವ ಬಗ್ಗೆ.

ಉಲ್ಲೇಖ:
(೧) ಆಸ್ತಿ ಪಾಲಾದ ದಿನ ಊಟಕ್ಕೆ ಮುಂಚೆ ಆದ ಮೌಖಿಕ ತೀರ್ಮಾನ.
(೨) ಅದೇ ದಿನ ಊಟವಾದ ಮೇಲೆ ಅದೇ ತೀರ್ಮಾನದ ಬಗ್ಗೆ ಆದ ಜಗಳ.
(೩) ಮೆಕ್ಯಾನಿಕ್ ಅವರ ಹೇಳಿಕೆ.
(೪) ಅಮ್ಮನವರ ಮೌನ.

ಪೀಠಿಕೆ

ಅಪ್ಪನವರು ಬಿಟ್ಟುಹೋದ ಎಂಟು ಸೀಟಿನ ವ್ಯಾನನ್ನು ಮಾರುವುದಕ್ಕೆ ನಾಲ್ವರು ಮಕ್ಕಳಲ್ಲಿ ಯಾರಿಗೂ ಮನಸ್ಸು ಬಾರದ ಕಾರಣ, ಹಾಗೂ ಅದನ್ನು ಯಾರಾದರೊಬ್ಬರಿಗೆ ಬಿಟ್ಟುಕೊಡುವುದಕ್ಕೆ ಉಳಿದ ಮೂವರಿಗೆ ಅಷ್ಟು ಕೂಡ ಮನಸ್ಸು ಬಾರದ ಕಾರಣ, ಉಲ್ಲೇಖ (೧)ರಂತೆ ಸದರಿ ವಾಹನವನ್ನು ಚಕ್ರವಾರು ಪಾಲು ಮಾಡಲಾಗಿತ್ತು. ಅದರಂತೆ ಮುಂದಿನ ಬಲ ಚಕ್ರ ಹಾಗೂ ಅದಕ್ಕೆ ಅಂಟಿಕೊಂಡಿರುವ ಸಮಸ್ತ ಬಿಡಿಭಾಗಗಳು ದೊಡ್ಡಣ್ಣನವರಿಗೂ (ಸಾಮಾನು ಲಾರಿಗಳ ಮಾಲೀಕರು), ಮುಂದಿನ ಎಡ ಚಕ್ರ ಎರಡನೆಯ ಅಣ್ಣನವರಿಗೂ (ಔಷಧಿ ಅಂಗಡಿ), ಹಿಂದಿನ ಎಡ ಚಕ್ರ ಈ ಸುತ್ತೋಲೆಗೆ ಸಹಿ ಮಾಡಿರುವ ಮಗಳಿಗೂ (ಕಚೇರಿಯೊಂದರ ಟಪಾಲು ವಿಭಾಗ; ಈ ಸಮಿತಿಯ ಕಾರ್ಯದರ್ಶಿ), ಹಿಂದಿನ ಬಲ ಚಕ್ರ ಕೊನೆಯ ತಮ್ಮನಿಗೂ (ಫೋಟೋಗ್ರಾಫರ್) ಹಂಚಿಕೆಯಾಗಿದ್ದವು. ಸ್ಟೆಪ್ನಿಯು ಅಮ್ಮನವರ ಪಾಲಿಗೆ ಬಂದಿತ್ತು. ಸ್ಟಿಯರಿಂಗು ವಾರಕ್ಕೊಬ್ಬರ ಕೈಯಲ್ಲಿ ಸರದಿಯಂತೆ ಇರತಕ್ಕದ್ದೆಂದೂ, ಹಾರ್ನು ಎಲ್ಲರದ್ದೂ ಎಂದೂ ತೀರ್ಮಾನವಾಗಿತ್ತು.

ವಾಹನಕ್ಕೆ ವಯಸ್ಸಾಗಿ ಕುಲುಕಾಟ ಶುರುವಾದಾಗ, ಪ್ರತಿಯೊಬ್ಬ ಚಕ್ರದಾರರೂ ತಮ್ಮ ತಮ್ಮ ಮೂಲೆಯನ್ನು ತಮ್ಮ ತಮ್ಮ ಬುದ್ಧಿಗೆ ತಕ್ಕಂತೆ ದುರಸ್ತಿ ಮಾಡಿಸಿಕೊಂಡಿರುವುದು ಪರಿಶೀಲನೆಯಿಂದ ಕಂಡುಬಂದಿದೆ. ದೊಡ್ಡಣ್ಣನವರು "ಗಟ್ಟಿ ಇದ್ರೆ ಮತ್ತೆ ನೋಡೋ ಹಾಗೇ ಇರಲ್ಲ" ಎಂದು ತಮ್ಮ ಲಾರಿಯೊಂದರಿಂದ ಬಿಚ್ಚಿದ ಸ್ಪ್ರಿಂಗನ್ನು ಹಾಕಿಸಿದ್ದು, ಅಂದಿನಿಂದ ವ್ಯಾನಿನ ಆ ಮೂಲೆಯು ಯಾರ ಮೇಲೋ ಸಿಟ್ಟಾದವರಂತೆ ಮೂಗು ಮೇಲೆತ್ತಿಕೊಂಡು ನಿಂತಿರುತ್ತದೆ. ಎರಡನೆಯ ಅಣ್ಣನವರು ಗುಜರಿಯಿಂದ ಒಂದು ಹಳೆಯ ಶಾಕ್ ಅಬ್ಸಾರ್ಬರ್ ತಂದಿದ್ದರು. ಚಕ್ರ ಹಳ್ಳಕ್ಕೆ ಬಿದ್ದಾಗ ಏಟನ್ನು ನುಂಗಿಕೊಳ್ಳಬೇಕಾದ ಸದರಿ ಕೊಳವೆಯು ಏಟಿನ ಬದಲು ಎಣ್ಣೆಯನ್ನು ಹೊರಹಾಕತೊಡಗಿದ ಮೇಲೆ, ಅವರು ಅದಕ್ಕೆ ತಮ್ಮ ಅಂಗಡಿಯ ಬ್ಯಾಂಡೇಜು ಸುತ್ತಿ ದಿನಬಿಟ್ಟು ದಿನ ಬದಲಾಯಿಸುತ್ತಿದ್ದರು. ತಮ್ಮನು ಹಳೆಯ ರಬ್ಬರು ಚಪ್ಪಲಿಗಳ ಅಟ್ಟೆಯನ್ನು ಕತ್ತರಿಸಿ ಒತ್ತಿಟ್ಟು "ಇದು ಟೆಂಪರರಿ" ಎಂದಿದ್ದನು. ಅವನ ಟೆಂಪರರಿಗಳ ಆಯಸ್ಸು ಕುಟುಂಬಕ್ಕೆ ತಿಳಿದದ್ದೇ ಇದೆ. ಕಾರ್ಯದರ್ಶಿಯವರು ಮಾತ್ರ ತಮ್ಮ ಒಂದು ಮೂಲೆಗೆ ಎಲ್ಲಕ್ಕಿಂತ ಒಳ್ಳೆಯ ಹೊಸ ಸಾಮಾನು ಹಾಕಿಸಿರುತ್ತಾರೆ. ಉಳಿದ ಮೂರು ಮೂಲೆಗಳು ಸರಿಯಿಲ್ಲದಿದ್ದಾಗ ನಾಲ್ಕನೆಯದು ಮೆತ್ತಗಿದ್ದರೆ ವಾಹನವು ಹೆಚ್ಚೇ ಕುಲುಕುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೆಕ್ಯಾನಿಕ್ ಅವರನ್ನು ವಿಚಾರಿಸಲಾಗಿ, "ಒಬ್ರು ಬಂದ್ರೆ ಇನ್ನೊಬ್ರ ಚಕ್ರ ಮುಟ್ಟಬೇಡ ಅಂತಾರೆ. ನಂಗೂ ಸಾಕಾಗಿ ಗಾಳಿ ಜಾಸ್ತಿ ಹೊಡೆದು ಕಳಿಸ್ತಿದ್ದೆ" ಎಂದು ಹೇಳಿಕೆ ನೀಡಿರುತ್ತಾರೆ. ಕುಲುಕಾಟದಲ್ಲಿ ಅವರ ಪಾಲೂ ಇರುವುದನ್ನು ಸಮಿತಿಯು ಗಮನಿಸಿದೆ. ಅವರಿಗೆ ಚಕ್ರ ಕೊಡಲು ಮಾತ್ರ ಯಾವುದೂ ಉಳಿದಿರಲಿಲ್ಲ.

ಇದಲ್ಲದೆ, ಸರದಿಯಲ್ಲಿ ಓಡಿಸುವವರು ರಸ್ತೆಯ ಹಳ್ಳಗಳನ್ನು ಎದುರಿನವರ ಚಕ್ರಕ್ಕೆ ದಯಪಾಲಿಸುವ ಪದ್ಧತಿಯೂ ಬೆಳೆದುಬಂದಿತ್ತು. ದೊಡ್ಡಣ್ಣ ಮತ್ತು ತಮ್ಮನ ವಾರಗಳಲ್ಲಿ ಎಡಗಡೆಯ ಚಕ್ರಗಳೇ ಹಳ್ಳಕ್ಕೆ ಇಳಿಯುತ್ತಿದ್ದವು. ಎರಡನೆಯ ಅಣ್ಣನ ವಾರದಲ್ಲಿ ಬಲಗಡೆಯವು. ಕಾರ್ಯದರ್ಶಿಯವರ ವಾರದಲ್ಲೂ ಬಲಗಡೆಯವೇ ಇಳಿಯುತ್ತಿದ್ದವೆಂಬ ಆರೋಪವಿದೆ. ಆರೋಪ ಮಾಡಿದವರಿಬ್ಬರೂ ಬಲಗಡೆಯವರು ಎಂಬುದಷ್ಟನ್ನೇ ಇಲ್ಲಿ ದಾಖಲಿಸಲಾಗಿದೆ.

ಈ ನಡುವೆ ಅಮ್ಮನವರು ವಾಹನ ಹತ್ತುವುದನ್ನು ನಿಲ್ಲಿಸಿದ್ದು ಯಾರ ಗಮನಕ್ಕೂ ಬರಲಿಲ್ಲ.

ಅಮ್ಮನವರು ಪ್ರತಿ ಗುರುವಾರ ಊರಿನ ಆ ತುದಿಯಲ್ಲಿರುವ ತಮ್ಮ ಅಕ್ಕನ ಮನೆಗೆ ಹೋಗಿ, ಇಸ್ಪೀಟು ಆಡಿ, ಎಲೆ ಬಚ್ಚಿಟ್ಟದ್ದು ಯಾರೆಂದು ಜಗಳವಾಡಿ, ಸಂಜೆ ಹಗುರಾಗಿ ಹಿಂದಿರುಗುವುದು ರೂಢಿ. ವಾರದ ಉಳಿದ ದಿನಗಳನ್ನು ಅವರು ಆ ಗುರುವಾರದ ಬಲದ ಮೇಲೆಯೇ ಕಳೆಯುತ್ತಾರೆ. ಇತ್ತೀಚೆಗೆ "ಟೌನ್ ಬಸ್ಸಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಎಂಬ ಕಾರಣ ನೀಡಿ ಬಸ್ಸು ಹಿಡಿಯತೊಡಗಿದ್ದರು. ಬಸ್ಸಿನ ಮೆಟ್ಟಿಲು ಎತ್ತರ, ಅವರ ಮಂಡಿ ಹಳೆಯದು. ಕಳೆದ ಗುರುವಾರ ಅವರು ಬಂದ ಬಸ್ಸುಗಳನ್ನೆಲ್ಲ ಹತ್ತಲಾಗದೆ ಬಿಟ್ಟು, ನಿಲ್ದಾಣದಿಂದಲೇ ಕೊಡೆ ಊರಿಕೊಂಡು ಹಿಂದಿರುಗಿದ್ದನ್ನು ಎರಡನೆಯ ಅಣ್ಣನವರು ಔಷಧಿ ಅಂಗಡಿಯ ಗಾಜಿನಿಂದ ನೋಡಿರುತ್ತಾರೆ. ಸಂಜೆ ವಿಚಾರಿಸಿದಾಗ ಅಮ್ಮನವರು "ಅಕ್ಕ ಮನೇಲಿರ್ಲಿಲ್ಲ" ಎಂದರು. ದೊಡ್ಡಮ್ಮನವರು ಮನೆಯ ಗೇಟು ದಾಟಿ ವರ್ಷಗಳೇ ಆಗಿವೆ.

ನಾಲ್ವರು ಮಕ್ಕಳು, ಒಂದು ವ್ಯಾನು, ಬಸ್ ನಿಲ್ದಾಣದಲ್ಲಿ ಅಮ್ಮ. ಈ ಬಗ್ಗೆ ಸಮಿತಿಯು ನಾಚಿಕೆಪಟ್ಟಿರುವುದನ್ನು ಈ ಮೂಲಕ ದಾಖಲಿಸಲಾಗಿದೆ. ಎರಡನೆಯ ಅಣ್ಣನವರು ಅಂದು ಊಟ ಬಿಟ್ಟದ್ದನ್ನೂ ದಾಖಲಿಸಲಾಗಿದೆ. ದೊಡ್ಡಣ್ಣನವರು ನಾಚಿಕೆಪಟ್ಟೂ ಊಟ ಮಾಡಿರುತ್ತಾರೆ.

ವಿಚಾರಣೆ

ಯಾವ ಮೂಲೆಯ ಕುಲುಕಾಟ ತಡೆಯಲಾಗದೆ ತಾವು ವಾಹನ ತೊರೆದಿರಿ ಎಂದು ಅಮ್ಮನವರನ್ನು ಕೇಳಲಾಯಿತು. "ಎಲ್ಲಾ ಮೂಲೇನೂ ಚೆನ್ನಾಗೇ ಇದೆ, ನನ್ನ ಮೈಯೇ ಸರಿಯಿಲ್ಲ" ಎಂದರು. ಒಬ್ಬೊಬ್ಬರಾಗಿ ಅಡುಗೆಮನೆಗೆ ಹೋಗಿ ಗುಟ್ಟಾಗಿ ಕೇಳಲಾಯಿತು. ಪ್ರತಿಯೊಬ್ಬರಿಗೂ "ನಿಂದೇನೂ ತೊಂದ್ರೆ ಇಲ್ಲ ಕಂದಾ" ಎಂಬ ಉತ್ತರ ದೊರೆತು, ಪ್ರತಿಯೊಬ್ಬರೂ ಉಳಿದ ಮೂವರನ್ನು ಮರುಕದಿಂದ ನೋಡುತ್ತ ಹೊರಬಂದಿರುತ್ತಾರೆ.

ಆದುದರಿಂದ ಸಮಿತಿಯು ವೈಜ್ಞಾನಿಕ ಪರೀಕ್ಷೆಯೊಂದನ್ನು ಏರ್ಪಡಿಸಿತು. ನಾಲ್ಕು ಲೋಟಗಳಿಗೆ ಕಂಠಮಟ್ಟ ನೀರು ತುಂಬಿ, ವ್ಯಾನಿನೊಳಗೆ ನಾಲ್ಕು ಮೂಲೆಗಳಿಗೆ ತಂತಿಯಿಂದ ಬಿಗಿಯಲಾಯಿತು. ಯಾರ ಮೂಲೆಯ ಲೋಟ ಹೆಚ್ಚು ಚೆಲ್ಲುತ್ತದೋ ಅವರದೇ ತಪ್ಪು. ಓಡಿಸುವವರು ಮೆಕ್ಯಾನಿಕ್. ನಿಷ್ಪಕ್ಷಪಾತ ವೀಕ್ಷಕರಾಗಿ ಅಮ್ಮನವರು ನಡುವಿನ ಸೀಟಿನಲ್ಲಿ ಒಬ್ಬರೇ. ಹತ್ತುವುದಿಲ್ಲವೆಂದವರು "ಹೋಗ್ಲಿ, ನಿಮ್ಮ ಜಗಳ ಮುಗಿಯೋದಾದ್ರೆ" ಎಂದು ಹತ್ತಿದ್ದರು. ಮಾರ್ಕೆಟ್ ರಸ್ತೆಯ ಕೊನೆಯವರೆಗೆ ಹೋಗಿ ಬರುವುದು. ಮಕ್ಕಳು ಮನೆಯ ಮುಂದೆ ಕಾಯುವುದು.

ವಾಹನವು ಹಿಂದಿರುಗಿದಾಗ ನಾಲ್ಕೂ ಲೋಟಗಳು ಹೊರಟಾಗ ಇದ್ದಂತೆಯೇ ಕಂಠಮಟ್ಟ ತುಂಬಿದ್ದವು. ನಾಲ್ವರೂ ಏಕಕಾಲಕ್ಕೆ "ನೋಡು, ನಾನು ಹೇಳ್ಲಿಲ್ವಾ" ಎಂದರು. ಅನಂತರ ವ್ಯಾನಿನ ನೆಲದಲ್ಲಿ ನೀರು ಹರಿದಾಡುತ್ತಿರುವುದು, ಅಮ್ಮನವರ ನೀರಿನ ಬಾಟಲಿ ಪೂರ್ತಿ ಖಾಲಿಯಾಗಿರುವುದು ಹಾಗೂ ಅವರ ಎರಡೂ ಕೈ ಮೊಣಕೈವರೆಗೆ ಒದ್ದೆಯಾಗಿರುವುದು ಕಾರ್ಯದರ್ಶಿಯವರ ಕಣ್ಣಿಗೆ ಬಿತ್ತು. ಚೆಲ್ಲಿದ ಲೋಟಗಳನ್ನು ವೀಕ್ಷಕರೇ, ಕುಲುಕುವ ವಾಹನದಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಮೂಲೆಯಿಂದ ಮೂಲೆಗೆ ಹೋಗಿ ಸಮಮಾಡಿದ್ದರು.

ಈ ಬಗ್ಗೆ ವಿವರಣೆ ಕೇಳಲಾಗಿ ಅಮ್ಮನವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ಕೆಳಗೆ ಕೊಡಲಾಗಿದೆ:

"ಒಂದು ಲೋಟ ಖಾಲಿ ಆಗಿದ್ರೆ ಆ ಮಗು ಮುಖ ನಾನು ಹೇಗೆ ನೋಡ್ಲಿ. ಅದೂ ಅಲ್ದೆ ಐದು ಚಕ್ರಾನೂ ನಿಮ್ಮಪ್ಪ ನಂಗೆ ಬಿಟ್ಟುಹೋಗಿದ್ದು. ನೀವು ನೀವೇ ಹಂಚ್ಕೊಂಡ್ರಿ. ಆಡ್ಕೊಳ್ಳಿ ಅಂತ ಸುಮ್ನಿದ್ದೆ."

(ಸದರಿ "ಮಗು"ವಿಗೆ ಈಗ ಐವತ್ತೆಂಟು ವರ್ಷವಾಗಿದ್ದು ಸ್ವಂತ ಲಾರಿಗಳಿರಬಹುದೆಂದು ಮೂವರು ಸದಸ್ಯರು ಊಹಿಸಿದ್ದಾರೆ. ದೊಡ್ಡಣ್ಣನವರ ಊಹೆ ಬೇರೆ ಇದೆ.)

ಮೇಲ್ಕಂಡ ಹೇಳಿಕೆಯ ನಂತರ ಕಲ್ಲುಬೆಂಚಿನಿಂದ ಮೊದಲು ಎದ್ದವರು ದೊಡ್ಡಣ್ಣ. "ಆ ಸ್ಪ್ರಿಂಗು ಬಿಚ್ಚಿಬಿಡಪ್ಪಾ, ನಂದೂ ಅನ್ನೋದೇನಿದೆ ಅದ್ರಲ್ಲಿ" ಎಂದು ಮೆಕ್ಯಾನಿಕ್‌ಗೆ ತಾವೇ ಜಾಕು ತಂದುಕೊಟ್ಟರು. ಎರಡನೆಯ ಅಣ್ಣನವರು ಬಗ್ಗಿ ಬ್ಯಾಂಡೇಜನ್ನು ಬಿಚ್ಚಿದರು. ಅವರಿಗೆ ಅದನ್ನು ಸುತ್ತಿಟ್ಟುಕೊಳ್ಳುವ ಆಸೆಯಿದ್ದುದನ್ನು ಎಲ್ಲರೂ ಬಲ್ಲರು.

ಅದರಂತೆ ಒಂದೇ ದಿನ, ಒಬ್ಬರೇ ಮೆಕ್ಯಾನಿಕ್ಕಿನಿಂದ, ನಾಲ್ಕೂ ಮೂಲೆಗಳಿಗೆ ಒಂದೇ ಬಗೆಯ ಹೊಸ ಶಾಕ್ ಅಬ್ಸಾರ್ಬರ್‌ಗಳನ್ನೂ ಸ್ಪ್ರಿಂಗುಗಳನ್ನೂ ಹಾಕಿಸಿ, ಸವೆದ ರಬ್ಬರು ಬುಷ್‌ಗಳನ್ನು ಬದಲಾಯಿಸಿ, ಬಾಗಿಲಿನ ಒಳಗೆ ಕಂಪನಿಯವರು ಅಂಟಿಸಿದ ಚೀಟಿಯಲ್ಲಿರುವಷ್ಟೇ ಗಾಳಿ ತುಂಬಿಸಲಾಗಿದೆ. ಸದರಿ ಚೀಟಿ ಅಲ್ಲಿರುವುದು ಅಪ್ಪನ ಕಾಲದ ನಂತರ ಈಗಲೇ ತಿಳಿದುಬಂದಿದೆ. ನಾಳೆ ಗುರುವಾರ. ಅಮ್ಮನವರು ಬರುತ್ತೇನೆಂದೂ ಅಂದಿಲ್ಲ, ಬರುವುದಿಲ್ಲವೆಂದೂ ಅಂದಿಲ್ಲ. ಕೊಡೆಯನ್ನು ಬಾಗಿಲ ಹತ್ತಿರ ತೆಗೆದಿಟ್ಟಿರುತ್ತಾರೆ. ಸಮಿತಿಗೆ ಆತಂಕವಿದೆ. ಆದುದರಿಂದ ಈ ಕೆಳಗಿನ ಸೂಚನೆಗಳು.

ಸೂಚನೆಗಳು

೧. ಚಕ್ರವಾರು ಪಾಲನ್ನು ಈ ಕೂಡಲೇ ರದ್ದುಪಡಿಸಲಾಗಿದೆ. "ನನ್ನ ಚಕ್ರ", "ನಿನ್ನ ಚಕ್ರ" ಎಂಬ ಪದಗಳನ್ನು ಬಳಸತಕ್ಕದ್ದಲ್ಲ. ಅನಿವಾರ್ಯವಾದಲ್ಲಿ "ಅಮ್ಮನ ಚಕ್ರಗಳಲ್ಲಿ ನೀನು ಹಾಳು ಮಾಡಿದ್ದು" ಎನ್ನಬಹುದು.

೨. ಓಡಿಸುವವರು ಹಳ್ಳಗಳನ್ನು ಯಾರ ಕಡೆಗೂ ತಿರುಗಿಸತಕ್ಕದ್ದಲ್ಲ. ತಪ್ಪಿಸಲಾಗದ ಹಳ್ಳವನ್ನು ಎರಡು ಚಕ್ರಗಳ ನಡುವೆ ಹಾಯಿಸುವುದು. ಹಳ್ಳವು ವಾಹನಕ್ಕಿಂತ ಅಗಲವಿದ್ದಲ್ಲಿ ಅದನ್ನು ರಸ್ತೆ ಎಂದೇ ಪರಿಗಣಿಸಿ ನಿಧಾನವಾಗಿ ಹೋಗುವುದು.

೩. ಹೊರಡುವ ಮುಂಚೆ ಟೈರಿಗೆ ಒದ್ದು ಗಾಳಿ ನೋಡುವ ಪದ್ಧತಿಯನ್ನು ನಿಷೇಧಿಸಲಾಗಿದೆ. ದೊಡ್ಡಣ್ಣನವರಿಗೆ ಒದೆಯದೆ ಹೊರಟರೆ ಏನೋ ಮರೆತಂತಾಗುವುದೆಂದು ಮನವಿ ಬಂದಿರುವುದರಿಂದ, ಅವರು ಶೆಡ್ಡಿನ ಬಾಗಿಲಿಗೆ ಒಮ್ಮೆ, ಮೆಲ್ಲಗೆ, ಒದೆಯಲು ಅನುಮತಿಸಲಾಗಿದೆ.

೪. ಬಿಚ್ಚಿದ ಸಾಮಾನುಗಳನ್ನು ಆಯಾ ಮಾಜಿ ಚಕ್ರದಾರರಿಗೆ ಹಿಂದಿರುಗಿಸಲಾಗಿದೆ. ಲಾರಿ ಸ್ಪ್ರಿಂಗನ್ನು ದೊಡ್ಡಣ್ಣನವರು ಬಾಗಿಲು ಹೊಡೆದುಕೊಳ್ಳದಂತೆ ಒತ್ತಾಗಿ ಇಡಬಹುದು. ಚಪ್ಪಲಿ ಅಟ್ಟೆಗಳಲ್ಲಿ ಎರಡು ಒಂದೇ ಜೊತೆಯವಾಗಿದ್ದು, ಇನ್ನೂ ಒಂದು ವರ್ಷ ಬರುತ್ತವೆಂದು ತಮ್ಮನು ಅಭಿಪ್ರಾಯಪಟ್ಟಿರುತ್ತಾನೆ. ಕಾರ್ಯದರ್ಶಿಯವರ ಒಳ್ಳೆಯ ಸಾಮಾನು ಒಂಟಿಯಾದ್ದರಿಂದ ಎಲ್ಲೂ ಉಪಯೋಗಕ್ಕೆ ಬಾರದೆ ಅವರ ಮನೆಯ ಅಟ್ಟದಲ್ಲಿದೆ. ಅದರ ಬಗ್ಗೆ ಯಾರೂ ಕೇಳತಕ್ಕದ್ದಲ್ಲ.

೫. ಉಬ್ಬು ಬಂದ ಕೂಡಲೇ "ಅಯ್ಯೋ", "ಸತ್ತೆ", "ನಿಧಾನ ಕಣೋ" ಎಂದು ಅಭ್ಯಾಸಬಲದಿಂದ ಕೂಗುವುದನ್ನು ನಿಲ್ಲಿಸತಕ್ಕದ್ದು. ಏಟು ಬಿದ್ದ ನಂತರ ಮಾತ್ರ ಕೂಗಬೇಕು. ಏಟೇ ಬೀಳದಿದ್ದಲ್ಲಿ ಬಾಯಿ ತೆರೆದವರು ಅದನ್ನು ಆಕಳಿಕೆಯಾಗಿ ಪರಿವರ್ತಿಸಿಕೊಳ್ಳುವುದು.

೬. ದೊಡ್ಡತ್ತಿಗೆಯವರು ಕಣ್ಣು ಮುಚ್ಚಿ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂರುವುದು ರೂಢಿ. ಸದರಿಯವರು ಹಂತಹಂತವಾಗಿ ಮೊದಲು ಒಂದು ಕೈ, ಆಮೇಲೆ ಒಂದು ಕಣ್ಣು ಎಂಬಂತೆ ಬಿಡತಕ್ಕದ್ದು. ದೊಡ್ಡಣ್ಣ ಓಡಿಸುವ ವಾರಗಳಿಗೆ ಈ ಕಲಮು ಅನ್ವಯಿಸುವುದಿಲ್ಲ. ಆ ವಾರಗಳ ಭಯಕ್ಕೆ ಕುಲುಕಾಟವೊಂದೇ ಕಾರಣವಲ್ಲವೆಂದು ಅತ್ತಿಗೆಯವರು ಸ್ಪಷ್ಟಪಡಿಸಿದ್ದಾರೆ.

೭. ಈ ಹಿಂದೆ ವ್ಯಾನಿನಲ್ಲಿ ಯಾವ ಮಾತೂ ಎರಡು ಉಬ್ಬುಗಳಿಗಿಂತ ಹೆಚ್ಚು ಕಾಲ ಬಾಳುತ್ತಿರಲಿಲ್ಲವಾದ್ದರಿಂದ ಕುಟುಂಬದಲ್ಲಿ ಶಾಂತಿಯಿತ್ತು. ಇನ್ನು ಮುಂದೆ ವಾಕ್ಯಗಳು ಪೂರ್ಣಗೊಳ್ಳುವ ಸಂಭವವಿದೆ. ಆದುದರಿಂದ ಮನೆಯ ಹಿತ್ತಿಲು, ಅಪ್ಪನ ಗಡಿಯಾರ ಹಾಗೂ ತಮ್ಮನ ಮದುವೆ ಈ ಮೂರು ವಿಷಯಗಳನ್ನು ಚಲಿಸುವ ವಾಹನದಲ್ಲಿ ಎತ್ತತಕ್ಕದ್ದಲ್ಲ. ತಮ್ಮನ ಮದುವೆಯ ವಿಷಯವನ್ನು ನಿಂತಿರುವ ವಾಹನದಲ್ಲೂ ಎತ್ತಬಾರದೆಂಬ ಅವನ ಕೋರಿಕೆಯನ್ನು ತಿರಸ್ಕರಿಸಲಾಗಿದೆ.

೮. ಮೊಟ್ಟೆಗಳನ್ನು ಸಾಗಿಸುವುದರ ಮೇಲಿದ್ದ ನಿಷೇಧವನ್ನು ಸಡಿಲಿಸಲಾಗಿದೆ. ಮೊದಲ ಹಂತದಲ್ಲಿ ಬೇಯಿಸಿದ ಮೊಟ್ಟೆಗಳನ್ನು ಮಾತ್ರ ಸಾಗಿಸುವುದು.

೯. ವಾಹನವು ಮೆತ್ತಗಾಗಿದೆ ಎಂಬ ಕಾರಣಕ್ಕೆ ಯಾರೂ ಅದನ್ನು ಹೊಗಳಿ ಹೊಗಳಿ ಸಾಕುಮಾಡತಕ್ಕದ್ದಲ್ಲ. ಪ್ರತಿ ಪ್ರಯಾಣಕ್ಕೆ ತಲಾ ಒಂದು ಹೊಗಳಿಕೆ, ಅದೂ ಇಳಿದ ಮೇಲೆ. ಹೊಗಳುವ ಭರದಲ್ಲಿ "ಮೊದಲೇ ಹೀಗೆ ಮಾಡಿಸಬೇಕಿತ್ತು ಅಂತ ನಾನು ಹೇಳಿದ್ದೆ" ಎನ್ನುವವರು ಉಳಿದ ದಾರಿಯನ್ನು ನಡೆದು ಬರತಕ್ಕದ್ದು. ಯಾರೂ ಹಾಗೆ ಹೇಳಿರಲಿಲ್ಲ.

೧೦. ಸ್ಟೆಪ್ನಿಯ ಸ್ಥಿತಿಯನ್ನು ಇದೇ ಸಂದರ್ಭದಲ್ಲಿ ಪರಿಶೀಲಿಸಲಾಗಿ, ಐದರಲ್ಲಿ ಅದೊಂದೇ ಚೆನ್ನಾಗಿರುವುದು ಕಂಡುಬಂದಿದೆ. ಕಾರಣ ಕೇಳಲಾಗಿ ಅಮ್ಮನವರು "ನಾನು ಅದರ ತಂಟೆಗೇ ಹೋಗ್ಲಿಲ್ಲ" ಎಂದರು. ಎಲ್ಲ ಸದಸ್ಯರೂ ಈ ನಿರ್ವಹಣಾ ಕ್ರಮವನ್ನು ಮಾದರಿಯಾಗಿ ತೆಗೆದುಕೊಳ್ಳುವುದು.

೧೧. ನಾಳೆ ಓಡಿಸುವ ಸರದಿ ಯಾರದು ಎಂಬ ಬಗ್ಗೆ ನಾಲ್ವರೂ ತಮ್ಮದೇ ಎಂದು ಹಕ್ಕು ಸಾಧಿಸಿರುತ್ತಾರೆ. ಕಳೆದ ವಾರದವರೆಗೆ ಇದೇ ಸರದಿಯನ್ನು ನಾಲ್ವರೂ ಒಬ್ಬರ ಮೇಲೊಬ್ಬರು ತಳ್ಳುತ್ತಿದ್ದುದನ್ನು ಇಲ್ಲಿ ನೆನಪಿಸಲಾಗಿದೆ. ನಾಳೆ ತಮ್ಮ ಓಡಿಸತಕ್ಕದ್ದು. ಉಳಿದ ಮೂವರು ಕೆಲಸಕ್ಕೆ ರಜೆ ಹಾಕಿ ಹಿಂದಿನ ಸೀಟುಗಳಲ್ಲಿ ಸದ್ದಿಲ್ಲದೆ ಕೂರತಕ್ಕದ್ದು. ಮೂವರೂ ಏಕೆ ಬರಬೇಕು ಎಂದು ಯಾರಾದರೂ ಕೇಳಿದಲ್ಲಿ, ತೂಕ ಸರಿದೂಗಿಸಲು ಎನ್ನುವುದು.

೧೨. ಪ್ರಯಾಣದ ಉದ್ದಕ್ಕೂ ಅಮ್ಮನವರನ್ನು "ಈಗ ಹೇಗಿದೆ" ಎಂದು ಯಾರೂ ಕೇಳತಕ್ಕದ್ದಲ್ಲ. ಕೇಳಿದರೆ ಚೆನ್ನಾಗಿದೆ ಎಂದೇ ಹೇಳುವರು. ಅವರು ಯಾವತ್ತೂ ಹಾಗೇ ಹೇಳಿದವರು, ಮತ್ತು ಅದನ್ನು ನಂಬಿಯೇ ನಾವು ಇಷ್ಟು ದೂರ ಬಂದದ್ದು.

ಮೇಲ್ಕಂಡ ಸೂಚನೆಗಳನ್ನು ಮೀರಿದವರನ್ನು ಮುಂದಿನ ಪಾಲಿನಲ್ಲಿ ಹಾರ್ನಿಗೆ ಮಾತ್ರ ಬಾಧ್ಯರನ್ನಾಗಿ ಮಾಡಲಾಗುವುದು.

(ಸಹಿ)
ಸದಸ್ಯ ಕಾರ್ಯದರ್ಶಿ
ಮಾಜಿ ಹಿಂದಿನ ಎಡ ಚಕ್ರ
ಕುಟುಂಬ ವಾಹನ ಸಮಿತಿಯ ಪರವಾಗಿ

ಪ್ರತಿಗಳು:

೧. ದೊಡ್ಡಣ್ಣನವರಿಗೆ, ಓದಿ ಸಹಿ ಮಾಡಲು. (ಓದದೆ ಸಹಿ ಮಾಡಿರುತ್ತಾರೆ.)

೨. ಎರಡನೆಯ ಅಣ್ಣನವರಿಗೆ. (ಹಿಂಬದಿ ಖಾಲಿ ಇರುವುದರಿಂದ ಅಂಗಡಿಯಲ್ಲಿ ಮಾತ್ರೆ ಕಟ್ಟಲು ಬಳಸುವುದಾಗಿ ತಿಳಿಸಿರುತ್ತಾರೆ.)

೩. ತಮ್ಮನಿಗೆ, ಕಲಮು ೭ರ ವಿರುದ್ಧ ಅವನು ಸಲ್ಲಿಸಿದ ಆಕ್ಷೇಪಣೆಯನ್ನು ಲಗತ್ತಿಸಿ, ಓದದೆಯೇ ಹಿಂದಿರುಗಿಸಲಾಗಿದೆ.

೪. ಮೆಕ್ಯಾನಿಕ್ ಅವರಿಗೆ, ಗಾಳಿ ಜಾಸ್ತಿ ಹೊಡೆಯುವುದನ್ನು ಬಿಡುವಂತೆ ಕೋರಿ.

೫. ಶೆಡ್ಡಿನ ಬಾಗಿಲಿಗೆ, ಅಂಟಿಸಲು, ಕಲಮು ೩ರ ಏಟು ಬೀಳದ ಎತ್ತರದಲ್ಲಿ.

೬. ಅಮ್ಮನವರ ಅಕ್ಕ ದೊಡ್ಡಮ್ಮನವರಿಗೆ, ಮಾಹಿತಿಗಾಗಿ. ಗುರುವಾರ ಖುದ್ದಾಗಿ ತಲುಪಿಸಲಾಗಿದೆ (ಈ ಷರಾ ಗುರುವಾರ ರಾತ್ರಿ ಸೇರಿಸಿದ್ದು). ತಲುಪಿಸಿದವರು: ಅಮ್ಮ. ಪ್ರಯಾಣದ ಬಗ್ಗೆ ಅವರ ಅಭಿಪ್ರಾಯ ಲಭ್ಯವಿಲ್ಲ. ಮಾರ್ಕೆಟ್ ರಸ್ತೆ ದಾಟುವಷ್ಟರಲ್ಲಿ ಕಾರ್ಯದರ್ಶಿಯವರ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದವರನ್ನು ದೊಡ್ಡಮ್ಮನ ಮನೆಯ ಗೇಟಿನ ಮುಂದೆ ವ್ಯಾನು ನಿಲ್ಲಿಸಿದ ಮೇಲೂ ನಾಲ್ವರಲ್ಲಿ ಯಾರಿಗೂ ಎಬ್ಬಿಸಲು ಮನಸ್ಸು ಬಂದಿರುವುದಿಲ್ಲ.